ಗಜನಿಯ ಏರಿಯ ಮೇಲೆ

ಎಪ್ಪತ್ತರ ವಯಸ್ಸಿನಲ್ಲಿ ಸೈಕಲ್ಲೇರುವವನನ್ನು ಕಂಡರೆ ಜನ ಎರಡು ಬಗೆಯಲ್ಲಿ ನೋಡುತ್ತಾರೆ. ವೈದ್ಯರು ಹೇಳಿರಬೇಕೆಂದು ಕೆಲವರು, ಬುದ್ಧಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲವೆಂದು ಉಳಿದವರು. ಕಳೆದ ಅಕ್ಟೋಬರಿನ ಕೊನೆಯ ವಾರ, ಕುಮಟೆಯ ನಮ್ಮ ಮನೆಯ ಜಗಲಿಯಿಂದ ಅಣ್ಣನ ಹಳೆಯ ಸೈಕಲ್ಲನ್ನು ಇಳಿಸಿದಾಗ ಅತ್ತಿಗೆಯ ಮುಖದಲ್ಲಿ ನನಗೆ ಎರಡೂ ಕಾಣಿಸಿದವು. ನಾನು ಊರಿಗೆ ಹೋದದ್ದು ಸೈಕಲ್ಲು ಹೊಡೆಯಲಿಕ್ಕಲ್ಲ, ಒಂದು ಕಾಗದಕ್ಕೆ ಸಹಿ ಹಾಕಲಿಕ್ಕೆ. ಸಹಿಯ ಮಾತನ್ನು ಆಮೇಲೆ ಹೇಳುತ್ತೇನೆ. ಮೊದಲು ದಾರಿ.

ಉತ್ತರ ಕನ್ನಡವೆಂದರೆ ಘಟ್ಟ, ಕಾಡು, ಜಲಪಾತಗಳೆಂದೇ ಬಯಲುಸೀಮೆಯವರಾದ ತಾವು ತಿಳಿದಿರಬಹುದು. ಸೈಕಲ್ಲಿಗೆ ಅದು ಹೇಳಿಸಿದ ನಾಡಲ್ಲವೆಂದು ಧಾರವಾಡದ ನನ್ನ ಸ್ನೇಹಿತರೂ ಹೇಳುತ್ತಾರೆ. ಅವರು ಅಘನಾಶಿನಿಯ ಮುಖವನ್ನು ನೋಡಿಲ್ಲ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕೆಳಗಿಳಿದ ಆ ಹೊಳೆ ಕುಮಟಾ ತಾಲೂಕಿಗೆ ಬಂದೊಡನೆ ಅವಸರವನ್ನೆಲ್ಲ ಮರೆತು ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ನೆಲ ಅಂಗೈಯಂತೆ ಸಮ. ಸಮುದ್ರದ ಮಟ್ಟಕ್ಕೂ ಗದ್ದೆಯ ಮಟ್ಟಕ್ಕೂ ವ್ಯತ್ಯಾಸವೇ ಇಲ್ಲವೆನ್ನಬಹುದು. ಭರತ ಬಂದಾಗ ಹೊಳೆಯ ನೀರು ಗದ್ದೆಗಿಂತ ಎತ್ತರದಲ್ಲಿ ನಿಂತಿರುತ್ತದೆ. ನಡುವೆ ಇರುವುದು ಮನುಷ್ಯ ಕಟ್ಟಿದ ಒಂದು ಏರಿ ಮಾತ್ರ. ಈ ತಗ್ಗು ನೆಲಕ್ಕೆ ನಮ್ಮವರು ಗಜನಿ ಎನ್ನುತ್ತಾರೆ. ಗೋವೆಯಲ್ಲಿ ಇಂಥದೇ ನೆಲ ಖಾಜನ್; ಕೇರಳದ ಪೊಕ್ಕಾಳಿ, ಕೈಪಾಡ್ ಗದ್ದೆಗಳೂ ಇದೇ ಕುಲದವು.

ಮೊದಲ ದಿನ ಬೆಳಗ್ಗೆ ಹೆಗಡೆ ಊರಿನ ಕಡೆಗೆ ಹೊರಟೆ. ಪೇಟೆಯ ಗದ್ದಲ ಕಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ಕುಮಟೆ ಒಂದು ಕಾಲಕ್ಕೆ ಜಗತ್ತಿನ ಹತ್ತಿ ಪೇಟೆಗಳಲ್ಲಿ ಹೆಸರು ಪಡೆದಿತ್ತೆಂದರೆ ಇಂದಿನ ಹುಡುಗರು ನಂಬಲಾರರು. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ನಿಮ್ಮ ಕರಿನೆಲದಲ್ಲಾದರೂ ವ್ಯಾಪಾರಿಗಳ ಬಾಯಲ್ಲಿ ಅದು ‘ಕುಮಟಾ ಹತ್ತಿ’ಯೇ ಆಗಿತ್ತು. 1862ರಲ್ಲಿ ಈ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಹಿತಾಸಕ್ತಿ ಇತ್ತು. ಹತ್ತಿ ಹೋಯಿತು, ಹಡಗು ಹೋಯಿತು. ಉಳಿದದ್ದು ಹೊಳೆ ಮತ್ತು ಭತ್ತ.

ಹೆಗಡೆ, ಮಾಣಿಕಟ್ಟಾ, ಮಾಸೂರುಗಳ ಸುತ್ತ ದಾರಿ ತೆಂಗಿನ ತೋಟಗಳ ನಡುವೆ ನುಸುಳಿ ಒಮ್ಮೆಲೆ ಬಯಲಿಗೆ ಬೀಳುತ್ತದೆ. ಏರಿಯ ಮೇಲೆ ಸೈಕಲ್ಲು ಹೊಡೆಯುವುದಕ್ಕೂ ಒಂದು ಕ್ರಮವಿದೆ. ಎಡಕ್ಕೆ ಹೊಳೆ, ಬಲಕ್ಕೆ ಗದ್ದೆ, ನಡುವೆ ಒಂದೂವರೆ ಮಾರಿನಷ್ಟು ಒರಟು ಹಾದಿ. ಬೇಗ ಹೋಗುವವನು ಒಂದಲ್ಲ ಒಂದು ಕಡೆಗೆ ಬೀಳುವವನೇ. ಬಾಲ್ಯದಲ್ಲಿ ನಾನು ಎರಡೂ ಕಡೆಗೆ ಬಿದ್ದಿದ್ದೇನೆ. ಎಡಕ್ಕೆ ಬಿದ್ದರೆ ಬಾಯಿ ಉಪ್ಪು, ಬಲಕ್ಕೆ ಬಿದ್ದರೆ ಸಪ್ಪೆ. ಭೂಗೋಳದ ಮೊದಲ ಪಾಠ ನನಗೆ ಹಾಗೆ ಆಯಿತು.

ಈ ಗದ್ದೆಗಳ ಬೆಳೆ ಕಗ್ಗ. ಉಪ್ಪನ್ನು ತಾಳುವ, ನೆರೆಯಲ್ಲಿ ಕೆಲವು ದಿನ ಪೂರ್ತಿ ಮುಳುಗಿದರೂ ಮತ್ತೆ ತಲೆ ಎತ್ತುವ ಭತ್ತ ಅದು. ಬೇಸಿಗೆಯಲ್ಲಿ ಗದ್ದೆಯನ್ನು ಬರಿದುಮಾಡಿ ಉಳುತ್ತಾರೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯಬೇಕು. ಆಮೇಲೆ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಬಿತ್ತುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಪೈರು ಆಳೆತ್ತರಕ್ಕೆ ಹೋಗುತ್ತದೆ. ಅಕ್ಟೋಬರಿನ ಹೊತ್ತಿಗೆ ಕೊಯ್ಲು. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಟ್ಟರೆ ಅದು ಕೊಳೆತು ಮೀನಿಗೆ ಮೇವಾಗುತ್ತದೆ. ಕೊಯ್ಲಾದ ಮೇಲೆ ಏರಿಯ ತೂಬನ್ನು ತೆರೆಯುತ್ತಾರೆ. ಭರತದೊಂದಿಗೆ ಉಪ್ಪುನೀರು ಒಳಬರುತ್ತದೆ. ನೀರಿನೊಂದಿಗೆ ಸಿಗಡಿ, ಮೀನಿನ ಮರಿಗಳು. ಅವು ಬೆಳೆದು, ಗದ್ದೆಗೆ ಮುಂದಿನ ವರ್ಷದ ಗೊಬ್ಬರವನ್ನು ಬಿಟ್ಟು, ನಮ್ಮ ಸಾರಿಗೆ ಬರುತ್ತವೆ. ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಒಂದೇ ಹೊಲಕ್ಕೆ ಎರಡು ದೇವರು, ಜಗಳವಿಲ್ಲದ ಸರದಿ.

ಸರದಿಯನ್ನು ಕಾಯುವುದು ತೂಬಿನ ಕೆಲಸ. ಮಳೆಗಾಲದಲ್ಲಿ ಇಳಿತ ಬಂದಾಗ ಅದನ್ನು ತೆರೆದು ಗದ್ದೆಯ ಸಿಹಿನೀರನ್ನು ಹೊರಬಿಡಬೇಕು. ಭರತ ಬಂದಾಗ ಮುಚ್ಚಿ ಉಪ್ಪುನೀರನ್ನು ತಡೆಯಬೇಕು. ಭರತ ದಿನಕ್ಕೆ ಎರಡು ಸಲ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹಾಗಾಗಿ ತೂಬು ಕಾಯುವವನಿಗೆ ನಿದ್ರೆಯ ವೇಳೆ ಎಂಬುದಿಲ್ಲ. ನಮ್ಮ ತಂದೆ ತಿಥಿಯನ್ನು ಬೆರಳಲ್ಲಿ ಎಣಿಸಿ, ನಡುರಾತ್ರಿ ಕಂದೀಲು ಹಿಡಿದು ಹೊರಟುಬಿಡುತ್ತಿದ್ದರು. ಅಮಾವಾಸ್ಯೆ ಹುಣ್ಣಿಮೆಗಳು ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಮೊದಲು ಏರಿಯ ಚಿಂತೆಯ ದಿನಗಳು. ಒಂದು ತೂಬಿನ ಹಿಂದೆ ನೂರಾರು ಒಡೆಯರ ಗದ್ದೆ. ಒಬ್ಬನು ಮೈಮರೆತರೆ ಎಲ್ಲರ ಅನ್ನಕ್ಕೂ ಉಪ್ಪು. ಏರಿ ಒಡೆದ ರಾತ್ರಿ ಜಾತಿ, ಪಂಗಡ, ವ್ಯಾಜ್ಯಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಜನ ಮಣ್ಣುಬುಟ್ಟಿ ಹೊತ್ತು ಓಡುತ್ತಿದ್ದುದನ್ನು ನಾನು ಕಂಡಿದ್ದೇನೆ.

1970ರ ದಶಕದಲ್ಲಿ ಸರಕಾರ ಮಣ್ಣಿನ ಏರಿಗಳ ಜಾಗದಲ್ಲಿ ಕಲ್ಲಿನ ಏರಿಗಳನ್ನು ಕಟ್ಟಿಸಿತು. ಜನ ಸಂತೋಷಪಟ್ಟರು, ನಡುರಾತ್ರಿಯ ಓಟ ತಪ್ಪಿತಲ್ಲ! ಆದರೆ ಏರಿ ಎಲ್ಲರ ಕೈಯಿಂದ ಜಾರಿದ್ದೂ ಆಗಲೇ. ಮುಂದಿನ ದಶಕಗಳಲ್ಲಿ ಸಿಗಡಿಗೆ ಹೊರದೇಶದ ಬೆಲೆ ಬಂತು. ಗಜನಿಯ ಮೀನಿನ ಹಕ್ಕನ್ನು ವರ್ಷಗಳ ಲೆಕ್ಕದಲ್ಲಿ ಗುತ್ತಿಗೆಗೆ ಕೊಡುವ ರೂಢಿ ಬೆಳೆಯಿತು. ಗುತ್ತಿಗೆದಾರನಿಗೆ ಬೇಕಾದದ್ದು ಉಪ್ಪುನೀರು. ಭತ್ತಕ್ಕಾಗಿ ತೂಬು ಮುಚ್ಚುವುದು ಅವನಿಗೆ ನಷ್ಟ. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯ ಕನಸು ಒಡೆಯಿತು. ಅಷ್ಟರಲ್ಲಿ ಎಷ್ಟೋ ಗದ್ದೆಗಳು ಭತ್ತವನ್ನು ಮರೆತಿದ್ದವು. ಉಳದೆ ಬಿಟ್ಟ ಗದ್ದೆಯಲ್ಲಿ ಕಾಂಡ್ಲಾ ಗಿಡ ಎದ್ದಿತು. ಕಾಂಡ್ಲಾ ಕೆಟ್ಟ ಗಿಡವಲ್ಲ; ಮೀನಿಗೆ ತೊಟ್ಟಿಲು, ದಡಕ್ಕೆ ಬೇಲಿ. ಆದರೆ ಏರಿಯ ಹೊರಗೆ ಇರಬೇಕಾದದ್ದು ಒಳಗೆ ಬಂದರೆ ಅಲ್ಲಿ ಮನುಷ್ಯ ಕೈಬಿಟ್ಟನೆಂದೇ ಅರ್ಥ.

ಇನ್ನು ಸಹಿಯ ಮಾತು. ನಮ್ಮ ಮನೆಯ ಪಾಲಿಗೂ ಗಜನಿಯಲ್ಲಿ ಎರಡು ಎಕರೆಯಿದೆ. ಅರ್ಧ ಅಣ್ಣನದು, ಅರ್ಧ ನನ್ನದು. ನಾನು ಊರು ಬಿಟ್ಟು ಬಯಲುಸೀಮೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದ ವರ್ಷಗಳಲ್ಲಿ ಮೀನಿನ ಗುತ್ತಿಗೆಯ ನನ್ನ ಪಾಲು ತಪ್ಪದೆ ಬರುತ್ತಿತ್ತು. ದೊಡ್ಡ ಮೊತ್ತವೇನಲ್ಲ. ಅದರಿಂದ ಪುಸ್ತಕ ಕೊಳ್ಳುತ್ತಿದ್ದೆ. ಹಳ್ಳಿಯ ಬದುಕು ನಾಶವಾಗುತ್ತಿದೆಯೆಂದು ಮರುಗುವ ಪುಸ್ತಕಗಳೂ ಅವುಗಳಲ್ಲಿದ್ದವು. ಹಣ ಬಂದಾಗ, ಈ ವರ್ಷ ಗದ್ದೆ ಬಿತ್ತಿದರೇ ಎಂದು ಒಮ್ಮೆಯೂ ನಾನು ಕೇಳಲಿಲ್ಲ. ಈಗ ಗುತ್ತಿಗೆಯನ್ನು ಮತ್ತೆ ಮೂರು ವರ್ಷ ಮುಂದುವರಿಸುವ ಕಾಗದ ಸಿದ್ಧವಾಗಿತ್ತು. ಅದಕ್ಕೆ ನನ್ನ ಸಹಿ ಬೇಕಿತ್ತು.

ಹೆಗಡೆಯ ಕಡೆಯಿಂದ ಮರಳುವಾಗ ಒಂದು ಗದ್ದೆಯಲ್ಲಿ ಕೊಯ್ಲು ನಡೆದಿತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತು ಕೆಲವರು ತೆನೆ ಕೊಯ್ಯುತ್ತಿದ್ದರು. ಕೊಯ್ದದ್ದನ್ನು ಒಂದು ಪುಟ್ಟ ದೋಣಿಗೆ ಹಾಕುತ್ತಿದ್ದರು. ಕೊರಳ ತುಂಬ ಕರಿಮಣಿಯ ಸರಗಳನ್ನು ಧರಿಸಿದ್ದ ಹಾಲಕ್ಕಿ ಮುದುಕಿಯೊಬ್ಬಳು ಏರಿಯ ಮೇಲೆ ಕೂತು ಸಿವುಡು ಲೆಕ್ಕ ಹಾಕುತ್ತಿದ್ದಳು. ನಾನು ಇಳಿದು ಮಾತನಾಡಿಸಿದೆ. ಯಾರ ಮನೆಯವನೆಂದು ಕೇಳಿದಳು, ಹೇಳಿದೆ.

“ಹಾಗಾದರೆ ತೂಬಿನ ಒಡೆಯರ ಸಣ್ಣ ಮಗನೋ? ಮಾಸ್ತರಾದವನೋ?” ಎಂದು ಮುಖವನ್ನೇ ದಿಟ್ಟಿಸಿದಳು. “ನಿಮ್ಮ ಗದ್ದೆಯಲ್ಲಿ ನಾನು ಬೀಜ ಚೆಲ್ಲಿದ್ದೇನೆ, ಮಾಸ್ತರೇ. ಅದು ಒಳ್ಳೆಯ ಗದ್ದೆಯಾಗಿತ್ತು.”

‘ಆಗಿತ್ತು’ ಎಂಬ ಕ್ರಿಯಾಪದವನ್ನು ನಾನು ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಅದರ ಅರ್ಥ ತಿಳಿದದ್ದು ಆ ಏರಿಯ ಮೇಲೆ. ಬೀಜ ಇನ್ನೂ ಸಿಗುತ್ತದೆಯೇ ಎಂದು ಕೇಳಿದೆ. “ಬಿತ್ತಿದವರ ಮನೆಯಲ್ಲಿ ಇರುತ್ತದೆ. ಬಿತ್ತದೆ ಇಟ್ಟರೆ ಎಷ್ಟು ವರ್ಷ ಇದ್ದೀತು?” ಎಂದಳು.

ಮರುದಿನ ಪಡುವಣಕ್ಕೆ ಹೊರಟೆ. ಹೊಲನಗದ್ದೆ, ಬಾಡ, ಕಾಗಾಲ ದಾಟಿದರೆ ಅಘನಾಶಿನಿ. ಹೊಳೆಯ ಹೆಸರೇ ಊರಿಗೂ. ಅಲ್ಲಿಂದ ದೋಣಿಗೆ ಸೈಕಲ್ಲನ್ನೂ ಏರಿಸಿಕೊಂಡು ಎದುರಿನ ತದಡಿಗೆ ದಾಟಬಹುದು. ಇಳಿತದ ವೇಳೆ, ಹೊಳೆಯ ನಡುವಿನ ದಿಬ್ಬಗಳು ಬತ್ತಲಾಗಿ, ಬಳಚು ಆರಿಸುವ ಗಂಡಸರು ಹೆಂಗಸರು ಚುಕ್ಕೆಗಳಂತೆ ಕಾಣುತ್ತಿದ್ದರು. ಇದೇ ಮುಖದಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರವೊಂದು ಬರಬೇಕಿತ್ತು. ಜನರ ವಿರೋಧದಿಂದ ನಿಂತಿತು. 2024ರಲ್ಲಿ ಇಲ್ಲಿಯ 4801 ಹೆಕ್ಟೇರು ಅಳಿವೆ ಪ್ರದೇಶ ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿತು. ದೂರದ ದೇಶಗಳ ಪಟ್ಟಿಯಲ್ಲಿ ನಮ್ಮ ಹೊಳೆಯ ಹೆಸರು ಬಂದದ್ದು ಹೆಮ್ಮೆಯ ಮಾತೇ. ಆದರೆ ಪಟ್ಟಿ ತೂಬು ಮುಚ್ಚುವುದಿಲ್ಲ.

ತದಡಿಯಿಂದ ಮುಂದೆ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಮಳೆ ಆಗಷ್ಟೇ ಮುಗಿದಿದ್ದರಿಂದ ಆಗರಗಳು ಆಕಾಶವನ್ನು ತುಂಬಿಕೊಂಡು ಸುಮ್ಮನೆ ಮಲಗಿದ್ದವು. ಬೇಸಿಗೆ ಏರಿದಂತೆ ಅದೇ ಹೊಳೆಯ ನೀರು ಇಲ್ಲಿ ಬಿಸಿಲಿಗೆ ಹರಳುಗಟ್ಟುತ್ತದೆ. ಏರಿಯ ಆಚೆ ತಡೆಯಬೇಕಾದ ಶತ್ರು ಇಲ್ಲಿ ಕರೆದು ಕೂರಿಸಿದ ಅತಿಥಿ. ತಲೆಮಾರುಗಳಿಂದ ಉಪ್ಪು ಬೆಳೆದವರು ಆಗೇರರು. ಇದೇ ಕರಾವಳಿಯಲ್ಲಿ, ಉತ್ತರಕ್ಕಿರುವ ಅಂಕೋಲೆಯಲ್ಲಿ, 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ನಡೆಯಿತು. ತಮ್ಮ ನೀರು, ತಮ್ಮ ನೆಲ, ತಮ್ಮ ಬಿಸಿಲಿನ ಉಪ್ಪಿಗೆ ಯಾರ ಅಪ್ಪಣೆ ಏಕೆ ಎಂದು ಕೇಳಿದವರ ಸೀಮೆ ಇದು. ಸಮೀಪದಲ್ಲೇ ಹನೇಹಳ್ಳಿ, ಯಶವಂತ ಚಿತ್ತಾಲರ ಊರು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಅವರು ಬರೆವಣಿಗೆಯಲ್ಲಿ ಈ ಪುಟ್ಟ ಊರಿಗೆ ಮತ್ತೆ ಮತ್ತೆ ಮರಳಿದರು. ಊರು ಬಿಟ್ಟವರೆಲ್ಲರಿಗೂ ಮರಳಲು ಕಥೆಯ ದಾರಿ ಇರುವುದಿಲ್ಲ. ನನಗೆ ಇದ್ದದ್ದು ಅಣ್ಣನ ಸೈಕಲ್ಲು.

ಆ ರಾತ್ರಿ ಊಟದ ನಂತರ ಅಣ್ಣ ಕಾಗದವನ್ನು ಮುಂದಿಟ್ಟ. ನಾನು ಪೆನ್ನು ತೆಗೆಯಲಿಲ್ಲ.

“ತಮ್ಮಾ, ನಿನ್ನ ಒಂದು ಎಕರೆಗಾಗಿ ಯಾರು ತೂಬು ಮುಚ್ಚುತ್ತಾರೆ? ನೀನು ನಾಳೆ ಬಸ್ಸು ಹತ್ತುವವನು. ಇಲ್ಲಿ ಆಳು ಯಾರು? ಮಣ್ಣು ಹೊರುವವರು ಯಾರು?” ಎಂದ.

ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಜನಿಯ ಧರ್ಮವೇ ಅದು; ಒಬ್ಬನು ಒಂಟಿಯಾಗಿ ಒಳ್ಳೆಯವನಾಗಲು ಅಲ್ಲಿ ಸಾಧ್ಯವಿಲ್ಲ. “ಹಾಗಾದರೆ ಒಡೆಯರ ಸಭೆಯಲ್ಲೇ ಕೇಳೋಣ. ಏರಿಯ ದುರಸ್ತಿಗೆ ಇಷ್ಟು ವರ್ಷ ನಾನು ತೆಗೆದುಕೊಂಡದ್ದರಲ್ಲಿ ಒಂದು ಪಾಲು ಮರಳಿ ಕೊಡುತ್ತೇನೆ” ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, “ಅಪ್ಪನ ಕಂದೀಲು ಅಟ್ಟದ ಮೇಲಿದೆ” ಎಂದಷ್ಟೇ ಹೇಳಿದ.

ಸಭೆ ನಡೆಯಿತು. ಮಾತು ಏರಿತು, ಇಳಿಯಿತು, ಭರತ ಇಳಿತಗಳಂತೆಯೇ. ನನ್ನನ್ನು ಪರಊರಿನವನೆಂದು ಒಬ್ಬರು ಹಂಗಿಸಿದರು, ನಿಜವಾದ್ದರಿಂದ ಒಪ್ಪಿಕೊಂಡೆ. ಕೊನೆಗೆ ಗುತ್ತಿಗೆಯನ್ನು ಮೂರು ವರ್ಷಕ್ಕೆ ಬದಲು ಒಂದು ಮೀನಿನ ಹಂಗಾಮಿಗೆ ಮಾತ್ರ ಕೊಡುವುದೆಂದೂ, ಬೇಸಿಗೆಯಲ್ಲಿ ಏರಿ ದುರಸ್ತಿ ಮಾಡಿ ಒಂದು ಮಳೆಗಾಲ ತೂಬು ಮುಚ್ಚಿ ನೋಡುವುದೆಂದೂ ಗೊತ್ತಾಯಿತು. ಒಂದೇ ಒಂದು ಮಳೆಗಾಲ. ಬಹಳವಲ್ಲ, ಆದರೆ ಬೀಜಕ್ಕೆ ಬೇಕಾದದ್ದು ಅಷ್ಟೇ.

ಕೇಳುಗರೇ, ತಮ್ಮಲ್ಲಿ ಯಾರಾದರೂ ಆ ಕಡೆಗೆ ಹೋದರೆ ಹೆದ್ದಾರಿ ಬಿಟ್ಟು ಈ ದಾರಿಗೆ ಇಳಿಯಿರಿ. ಎರಡು ದಿನ ಸಾಕು, ಹತ್ತುವ ಕಷ್ಟವಿಲ್ಲ. ಬೇಸಿಗೆಯ ಹೊತ್ತಿಗಾದರೆ ದಾರಿಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ ಸಿಕ್ಕೀತು, ಹ್ಯಾಂಡಲಿಗೆ ಕಟ್ಟಿಕೊಳ್ಳಿರಿ. ಏರಿಯ ಮೇಲೆ ಮಾತ್ರ ನಿಧಾನವಾಗಿ ಹೋಗಿರಿ. ಎರಡು ಕಡೆಯ ನೀರನ್ನೂ ನೋಡಿರಿ. ಜೂನ್ ತಿಂಗಳಲ್ಲಿ ನಾನು ಮತ್ತೆ ಹೋಗುವವನಿದ್ದೇನೆ. ಆ ಮುದುಕಿ ಅರ್ಧ ಚೀಲ ಬೀಜ ಎತ್ತಿಟ್ಟಿದ್ದಾಳೆ, ಸಾಲವಾಗಿ. ಕೊಯ್ಲಿನ ಹೊತ್ತಿಗೆ ಒಂದು ಚೀಲ ಮರಳಿಸಬೇಕೆಂದು ಕರಾರು.