ಹೆದರಿಕೆಗೆ ಲೆಕ್ಕ ಕೇಳಿ

ಗದ್ದೆಯ ಕೆಲಸ ಬಿಟ್ಟು ಮಕ್ಕಳ ಪದವಿ ನೋಡಲು ಸಾಣಾಪುರಕ್ಕೆ ಬಂದಿರುವ ತಂದೆ-ತಾಯಂದಿರೇ, ಇಂದಿನ ಪದವೀಧರರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ನಾಟಿ ಮಾಡಿದ ಭತ್ತಕ್ಕೆ ಎಡದಂಡೆ ಕಾಲುವೆಯ ನೀರು ಸಿಗುತ್ತದೋ ಇಲ್ಲವೋ ಎಂದು ಗಂಗಾವತಿ ಸೀಮೆ ಹೆದರಿತು. ಹೆದರಲು ಕಾರಣವೂ ಇತ್ತು. ಕನ್ನಯ್ಯ ನಾಯ್ಡು ಅವರಂಥ ಎಂಜಿನಿಯರರು ಅಳತೆ ಹಿಡಿದು ಕೆಲಸಕ್ಕಿಳಿದರು. ರಭಸದಿಂದ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿದರು. ಅಪಾಯ ಎಷ್ಟು, ಅದಕ್ಕೆ ಮಾಡಬೇಕಾದ್ದೇನು ಎಂಬುದು ಜನರಿಗೂ ತಿಳಿಯಿತು.

ಎಲ್ಲ ಹೆದರಿಕೆಗೂ ಇಂಥ ಭಾಗ್ಯವಿಲ್ಲ. ಕೆಲವನ್ನು ಆರದಂತೆ ಕಾಯ್ದುಕೊಳ್ಳಲಾಗುತ್ತದೆ. ಬಲಪಂಥದ ಭಾಷಣ ಪಕ್ಕದ ಮನೆಯವರ ಬಗ್ಗೆ ಭಯ ಹುಟ್ಟಿಸಿದಾಗ ಓದಿದವರು ಬೇಗ ಗುರುತಿಸುತ್ತಾರೆ. ಎಡಪಂಥದ ಜನಮರುಳು ಮಾತು ಕಂಪನಿಯ ಹೆಸರಿನಲ್ಲಿ, ದೂರದೇಶದ ಹೆಸರಿನಲ್ಲಿ ಭಯ ಹುಟ್ಟಿಸಿದಾಗ ಸುಮ್ಮನಿರುತ್ತಾರೆ. ಅದರ ಬುಡದಲ್ಲಿ ನಿಜವಾದ ಅನ್ಯಾಯ ಇರುವುದರಿಂದಲೇ ಪ್ರಶ್ನಿಸಲು ಮನಸ್ಸು ಬಾರದು. ನಾನು ಮಾತ್ರ ಇಲ್ಲಿ ಪ್ರಶ್ನಿಸಬೇಕೆಂದೇ ಬಂದಿದ್ದೇನೆ.

ನಮ್ಮ ರೈತ ಚಳವಳಿಯನ್ನೇ ನೋಡಿ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ ಎದ್ದರು, ಗುಂಡೇಟಿಗೆ ಪ್ರಾಣ ಕೊಟ್ಟರು. ಅವರ ಸಿಟ್ಟಿಗೆ ಲೆಕ್ಕವಿತ್ತು: ಇಷ್ಟು ಕರ ಹಾಕಿದ್ದೀರಿ, ನೀರೆಲ್ಲಿ? ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಸಮಾಜವಾದಿ ಹಿನ್ನೆಲೆಯ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಅದಕ್ಕೆ ದನಿಯಾದರು. ಹಳ್ಳಿಯವನು ಸರ್ಕಾರಿ ಕಚೇರಿಯಲ್ಲಿ ತಲೆಯೆತ್ತಿ ನಿಲ್ಲುವುದನ್ನು ಕಲಿತದ್ದು ಆ ಸಂಘದ ಹಸಿರು ಶಾಲಿನಿಂದ. ಆ ಋಣ ದೊಡ್ಡದು. ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ಕಾಲದಲ್ಲಿ 'ಬೀಜ ನಮ್ಮ ಕೈತಪ್ಪುತ್ತದೆ' ಎಂದು ಅವರು ಕೂಗಿದ್ದೂ ವ್ಯರ್ಥವಾಗಲಿಲ್ಲ. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತನ ಹಕ್ಕು 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆಯಲ್ಲಿ ದಾಖಲಾಯಿತು.

ಆದರೆ 1998ರ ನವೆಂಬರ್‌ನಲ್ಲಿ, ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ, ಬೀಜ ಕಂಪನಿ ಮಾನ್ಸಾಂಟೊದ ತಂತ್ರಜ್ಞಾನದ, ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು ರೈತ ಸಂಘದವರು ಕಿತ್ತು ಸುಟ್ಟರು. ಚಳವಳಿಗೆ ಇಟ್ಟ ಹೆಸರೇ ಮಾನ್ಸಾಂಟೊ ದಹನ. ಆಗ ಊರೂರಲ್ಲಿ ಓಡಾಡಿದ ಮಾತು ಟರ್ಮಿನೇಟರ್ ಬೀಜದ್ದು: ಒಮ್ಮೆ ಬಿತ್ತಿದರೆ ಮತ್ತೆ ಮೊಳೆಯದ ಬೀಜ. ಅಂಥ ತಂತ್ರಜ್ಞಾನಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಹೊಲದಲ್ಲಿದ್ದದ್ದು ಮಾತ್ರ ಅದಲ್ಲ, ಕಾಯಿಕೊರಕ ತಡೆಯುವ ಹತ್ತಿ. ಟರ್ಮಿನೇಟರ್ ಎಲ್ಲಿಯೂ ಮಾರುಕಟ್ಟೆಗೆ ಬರಲಿಲ್ಲ. ಪ್ರಯೋಗದ ಸಂಗತಿಯನ್ನು ಮೊದಲೇ ಜನರ ಮುಂದೆ ಬಿಚ್ಚಿಡದೆ ಇದ್ದದ್ದು ದೊಡ್ಡ ತಪ್ಪು. ಗುಟ್ಟಿದ್ದಲ್ಲಿ ಗುಮಾನಿ ತಾನಾಗಿ ಬೆಳೆಯುತ್ತದೆ. ಆದರೂ ಗುಮಾನಿಯನ್ನೇ ಸತ್ಯವೆಂದು ಹಂಚಿದವರ ಹೊಣೆ ಕಡಿಮೆಯಾಗದು.

ಇಂಥ ಮಾತು ಕೆಲಸ ಮಾಡುವ ಬಗೆಯನ್ನು ಗಮನಿಸಿ. ಸಾಲ, ಬೆಲೆ ಕುಸಿತ, ಮಳೆ ಎಂದು ರೈತನ ಎದೆಯಲ್ಲಿ ಹತ್ತು ದಿಕ್ಕಿನ ಕಳವಳ ಇರುತ್ತದೆ. ಮಾತುಗಾರ ಅವೆಲ್ಲಕ್ಕೂ ಒಂದೇ ಮುಖ ಬರೆದು ಕೊಡುತ್ತಾನೆ. ಆಮೇಲೆ ಊರು ಎರಡಾಗುತ್ತದೆ: ಇತ್ತ ನಾವು, ಅತ್ತ ಕಂಪನಿ. ನಡುವೆ ನಿಂತು 'ಸ್ವಲ್ಪ ನೋಡೋಣ' ಎಂದವನು ಕಂಪನಿ ಏಜೆಂಟ್.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಹೆದರಿದ್ದ ರೈತರೇ ಅದನ್ನು ಮುಗಿಬಿದ್ದು ಬಿತ್ತಿದರು. ಮುಂದೆ ಗುಲಾಬಿ ಕಾಯಿಕೊರಕ ಆ ಬಿಟಿ ವಿಷಕ್ಕೂ ಬಗ್ಗದಂತಾಯಿತು; ಔಷಧಿ ಖರ್ಚು ಮತ್ತೆ ಏರಿತು. ಬಿಟಿ ಇಲ್ಲದ ಹತ್ತಿಯ ಸಾಲನ್ನು ಹೊಲದ ಸುತ್ತ ಬಿತ್ತಬೇಕು, ಇಲ್ಲದಿದ್ದರೆ ಹುಳು ಬೇಗ ಒಗ್ಗಿಕೊಳ್ಳುತ್ತದೆ ಎಂಬ ಸಣ್ಣ, ನೀರಸ, ನಿಜವಾದ ಎಚ್ಚರಿಕೆಯನ್ನು ವೇದಿಕೆಗಳಿಂದ ಗಟ್ಟಿಯಾಗಿ ಹೇಳಬೇಕಿತ್ತು. ದೊಡ್ಡ ಭೂತದ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಬೆಲೆ ತೆತ್ತವನು ಭಾಷಣಕಾರನಲ್ಲ, ಎರೆಹೊಲದ ರೈತ.

ಪದವೀಧರರೇ, ಕುಷ್ಟಗಿಗೆ, ಯಲಬುರ್ಗಾಕ್ಕೆ, ಆನೆಗೊಂದಿಗೆ ನೀವು ಮರಳಿದಾಗ ನಿಮ್ಮನ್ನೂ ಸಭೆಗೆ ಕರೆಯುತ್ತಾರೆ, ಮೈಕ್ ಕೊಡುತ್ತಾರೆ. ಅನ್ಯಾಯ ಕಂಡಲ್ಲಿ ದನಿ ಎತ್ತಿ, ಬಡವರ ಪಕ್ಷ ಬಿಡಬೇಡಿ. ಆದರೆ ಅವರನ್ನು ಹೆದರಿಸುವ ಮೊದಲು ಮೂರು ಮಾತು ವಿಚಾರಿಸಿ: ಇದು ನಿಜವೇ, ಎಷ್ಟು, ನಾಳೆ ಬೆಳಗ್ಗೆ ಇವರು ಏನು ಮಾಡಬೇಕು? ಉತ್ತರ ಸಿಗುವವರೆಗೆ ಮೈಕ್ ಮುಟ್ಟಬೇಡಿ.