ಒಂದೇ ಒಂದು ಮಣಿ ಹೆಚ್ಚಾದರೆ

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುತ್ತೆ, ಅಲ್ವಾ? ರಕ್ತದಲ್ಲಿ ಓಡಾಡ್ತಿರೋ ಬಿಳಿ ರಕ್ತಕಣಗಳನ್ನ ಅಲ್ಲಿಗೆ ಕರೆಯೋದು ಕೀಮೋಕೈನ್ ಅನ್ನೋ ಪುಟ್ಟ ಪ್ರೋಟೀನ್‌ಗಳು. ದೇಹದಲ್ಲಿ ಇವು ಇರೋದು ತೀರಾ ಕಡಿಮೆ. ಅದಕ್ಕೇ ಮನುಷ್ಯನ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಪ್ರೋಟೀನ್ ಮಾಡಿಸ್ತಾರೆ. ಇದು ರೀಕಾಂಬಿನೆಂಟ್ ಕೀಮೋಕೈನ್.

ನಾವು ಮಾಡೋ ಪ್ರಯೋಗ ಸರಳ. ಸಣ್ಣ ಸಣ್ಣ ತೂತಿರೋ ಪೊರೆ, ಮೇಲೆ ಜೀವಕೋಶ, ಕೆಳಗೆ ಕೀಮೋಕೈನ್. ಎಷ್ಟು ಕೋಶ ಕೆಳಗಿಳಿದವು ಅಂತ ಎಣಿಸೋದು. ಆದರೆ ಬ್ಯಾಕ್ಟೀರಿಯಾ ತನ್ನ ಗುರುತನ್ನೂ ಬಿಟ್ಟು ಹೋಗುತ್ತೆ, ನೋಡಿ. ಅದರ ಹೊರಪೊರೆಯ ಎಂಡೋಟಾಕ್ಸಿನ್ ಚೂರು ಉಳಿದರೂ ಸಾಕು, ಅದೇ ಉರಿಯೂತ ಎಬ್ಬಿಸುತ್ತೆ. ಆಗ ನಾವು ಕೀಮೋಕೈನ್‌ಗೆ ಕೊಟ್ಟ ಶ್ರೇಯಸ್ಸು ಪೂರ್ತಿ ಸುಳ್ಳು!

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ರಾಂಟೆಸ್ ಅನ್ನೋ ಕೀಮೋಕೈನ್ 68 ಅಮೈನೊ ಆಮ್ಲಗಳ ಸರ. ಮೊದಲ ಮಣಿ ಸೆರೀನ್. ಬ್ಯಾಕ್ಟೀರಿಯಾ ಮಾತ್ರ ಯಾವ ಪ್ರೋಟೀನನ್ನೂ ಮೆಥಿಯೋನಿನ್‌ನಿಂದಲೇ ಶುರು ಮಾಡೋದು. ಕೆಲವೊಮ್ಮೆ ಅದು ಹಾಗೇ ಉಳಿದುಬಿಡುತ್ತೆ. ಒಂದು ಮಣಿ ಹೆಚ್ಚಾದರೆ ಏನಾಗುತ್ತೆ ಅಂತೀರಾ? 1996ರಲ್ಲಿ ಅಮಾಂಡಾ ಪ್ರೌಡ್‌ಫುಟ್ ಮತ್ತು ಸಂಗಡಿಗರು ತೋರಿಸಿದರು: ಅಂಥ ರಾಂಟೆಸ್ ಜೀವಕೋಶದ ರಿಸೆಪ್ಟರ್ ಮೇಲೆ ಕೂರುತ್ತೆ, ಆದರೆ ಕರೆಯೋದಿಲ್ಲ. ನಿಜವಾದ ರಾಂಟೆಸ್‌ಗೂ ಜಾಗ ಬಿಡೋದಿಲ್ಲ. ಬೀಗದಲ್ಲಿ ಸಿಕ್ಕಿಕೊಂಡ ಬೇರೆ ಕೀಲಿ ಥರ. ಮೆಟ್-ರಾಂಟೆಸ್ ಅನ್ನೋ ಹೆಸರಲ್ಲಿ ಅದೇ ಉರಿಯೂತ ತಡೆಯೋ ಸಾಧನವಾಯಿತು; ಇಲಿಗಳ ಸಂಧಿವಾತದ ಮೇಲೂ ಪ್ರಯೋಗ ನಡೆಯಿತು. ಹೊಸ ವೈಲ್ ಬಂದಾಗ ಡೇಟಾಶೀಟ್‌ನಲ್ಲಿ ನಾನು ಮೊದಲು ನೋಡೋದೇ ಇವೆರಡನ್ನ: ಮೊದಲ ಮಣಿ ಯಾವುದು, ಎಂಡೋಟಾಕ್ಸಿನ್ ಎಷ್ಟು.

ಇದೇ ರಾಂಟೆಸ್‌ಗೆ ಇನ್ನೊಂದು ಕಥೆಯೂ ಇದೆ. 1995ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ, ಪಾವ್ಲೋ ಲೂಸೋ ತಂಡ, ರಾಂಟೆಸ್ ಮತ್ತು ಅದರ ಇಬ್ಬರು ನೆಂಟರು ಎಚ್‌ಐವಿಯನ್ನು ತಡೀತವೆ ಅಂತ ಪ್ರಕಟಿಸಿತು. ರೀಕಾಂಬಿನೆಂಟ್ ರೂಪಗಳನ್ನ ಹಾಕಿದಾಗಲೂ ವೈರಸ್ ಅಡಗಿತು. ಯಾಕೆ? ಮುಂದಿನ ವರ್ಷ ಉತ್ತರ ಸಿಕ್ಕಿತು. ಈ ಮೂರೂ ಕೂರೋ ಸಿಸಿಆರ್5 ರಿಸೆಪ್ಟರ್ರೇ ವೈರಸ್ ಒಳಗೆ ನುಗ್ಗೋ ಬಾಗಿಲು. ಅದನ್ನು ಮುಚ್ಚೋ ಮರಾವಿರಾಕ್ ಮಾತ್ರೆಗೆ ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ಎಚ್‌ಐವಿ ಬೇರೆ ಬಾಗಿಲಿಂದ ಬರ್ತವೆ, ಅದಕ್ಕೇ ಮಾತ್ರೆ ಕೊಡೋ ಮೊದಲು ರೋಗಿಯ ವೈರಸ್ ಯಾವ ದಾರಿಯದು ಅಂತ ಪರೀಕ್ಷೆ ಮಾಡ್ತಾರೆ.