ಎತ್ತರದ ಉಸಿರು

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ ‘ಜೆನಿತ್’ ಎಂಬ ಬಲೂನು ಮೂವರು ಫ್ರೆಂಚರನ್ನು ಹೊತ್ತು ಮೇಲೇರಿತು. ಜೋಸೆಫ್ ಕ್ರೋಸೆ-ಸ್ಪಿನೆಲ್ಲಿ, ತಿಯೊಡೋರ್ ಸಿವೆಲ್ ಮತ್ತು ಗಾಸ್ತೋಂ ತಿಸಾಂದಿಯೆ ಆ ಮೂವರು. ತಲೆಯ ಮೇಲೆ ಆಮ್ಲಜನಕ ಬೆರೆತ ಗಾಳಿಯ ಚೀಲಗಳು ತೂಗುತ್ತಿದ್ದವು. ಕೊಳವೆಯನ್ನು ಬಾಯಿಗೆ ಹಚ್ಚಿಕೊಂಡರೆ ಸಾಕಿತ್ತು. 7,500 ಮೀಟರಿನ ಹತ್ತಿರ ಎಲ್ಲರಿಗೂ ಜೋಂಪು ಹತ್ತಿತು. ಆದರೂ ಇನ್ನಷ್ಟು ಮೇಲೇರೋಣವೆಂದು ಮರಳಿನ ಚೀಲಗಳನ್ನು ಕತ್ತರಿಸಿ ಕೆಡವಿದರು. ಕೊಳವೆ ಹಿಡಿಯಬೇಕೆಂದು ತಿಸಾಂದಿಯೆಗೆ ಅನಿಸಿತು, ಕೈ ಏಳಲಿಲ್ಲ. ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ಕೊನೆಗೆ ಆತ ಕಣ್ಣು ಬಿಟ್ಟಾಗ ಬಲೂನು ಕೆಳಗಿಳಿಯುತ್ತಿತ್ತು. ಜೊತೆಗಾರರಿಬ್ಬರ ಮುಖ ಕಪ್ಪಿಟ್ಟು, ಬಾಯಲ್ಲಿ ರಕ್ತ ತುಂಬಿತ್ತು. ಅವರು ಮುಟ್ಟಿದ್ದ ಎತ್ತರ ಸುಮಾರು 8,600 ಮೀಟರ್.

ಬದುಕುಳಿದ ತಿಸಾಂದಿಯೆ ಬರೆದಿಟ್ಟ ವಿವರದಲ್ಲಿ ಗಮನಿಸಬೇಕಾದ ಮಾತೊಂದಿದೆ. ಸಾವಿನ ಹೊಸ್ತಿಲಲ್ಲಿ ಆತನಿಗೆ ಸಂಕಟವಾಗಲಿಲ್ಲ, ಭಯವೂ ಆಗಲಿಲ್ಲ. ಬದಲಿಗೆ ಒಳಗೊಳಗೇ ಹಿಗ್ಗು ಉಂಟಾಯಿತು. ಆಮ್ಲಜನಕದ ಕೊರತೆಯ ಅತಿ ದೊಡ್ಡ ಅಪಾಯ ಇದೇ. ಉಸಿರು ಬಿಗಿಹಿಡಿದಾಗ ಎದೆ ಒಡೆಯುವಂತೆ ಆಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ. ಎತ್ತರದಲ್ಲಿ ಮನುಷ್ಯ ಬೇಗಬೇಗ ಉಸಿರಾಡುತ್ತಾನೆ, ಆ ಅನಿಲ ಹೊರಬಿದ್ದು ಹೋಗುತ್ತದೆ. ಆಮ್ಲಜನಕ ಎಷ್ಟು ಇಳಿದಿದ್ದರೂ ಚಡಪಡಿಕೆ ಹುಟ್ಟುವುದಿಲ್ಲ, ಬುದ್ಧಿ ಮಾತ್ರ ಮಂಕಾಗುತ್ತ ಹೋಗುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ರೋಗಿಗಳು ಆರಾಮಾಗಿ ಮಾತನಾಡುತ್ತಿರುವಾಗಲೇ ಬೆರಳಿನ ಆಕ್ಸಿಮೀಟರ್ ಗಾಬರಿ ಹುಟ್ಟಿಸುವ ಅಂಕಿ ತೋರಿಸುತ್ತಿದ್ದುದನ್ನು ನಮ್ಮ ಎಷ್ಟೋ ಮನೆಗಳವರು ಕಂಡಿದ್ದಾರೆ.

ಮನಸ್ಸಿಗೆ ತಿಳಿಯದ ಈ ಕೊರತೆ ದೇಹಕ್ಕೆ ತಿಳಿಯುತ್ತದೆಯೇ? ತಿಳಿಯುತ್ತದೆ, ಅದೂ ಬಹಳ ಸೂಕ್ಷ್ಮವಾಗಿ. ಆದರೆ ಹೇಗೆ ಎಂಬುದನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

ಬೆಟ್ಟ ಹತ್ತಿದವರಿಗೆ ಎತ್ತರ ತರುವ ಕಾಯಿಲೆಯ ಪರಿಚಯವಂತೂ ಹಳೆಯದು. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ದಾಖಲೆಯೊಂದು ಪಶ್ಚಿಮದ ದಾರಿಯಲ್ಲಿ ‘ದೊಡ್ಡ ತಲೆನೋವಿನ ಬೆಟ್ಟ’, ‘ಚಿಕ್ಕ ತಲೆನೋವಿನ ಬೆಟ್ಟ’ಗಳಿವೆ, ಅಲ್ಲಿ ಮನುಷ್ಯರೂ ಕತ್ತೆಗಳೂ ವಾಂತಿ ಮಾಡಿಕೊಳ್ಳುತ್ತವೆ ಎಂದು ಎಚ್ಚರಿಸುತ್ತದೆ. ಹಿಮಾಲಯದ ಹಳ್ಳಿಗರು ವಿಷದ ಗಿಡಗಳ ಗಾಳಿಯೇ ಇದಕ್ಕೆ ಕಾರಣವೆಂದು ನಂಬಿದ್ದರು. ಸ್ಪೇನಿನ ಪಾದ್ರಿ ಹೋಸೆ ದೆ ಅಕೋಸ್ತಾ ಪೆರುವಿನ ಪರಿಯಾಕಾಕಾ ಕಣಿವೆದಾರಿಯಲ್ಲಿ ಇನ್ನೇನು ಪ್ರಾಣ ಹೋಯಿತು ಎನ್ನುವಷ್ಟು ವಾಂತಿ ಮಾಡಿಕೊಂಡು, 1590ರ ತನ್ನ ಪುಸ್ತಕದಲ್ಲಿ, ಅಲ್ಲಿನ ಗಾಳಿ ಮನುಷ್ಯರ ಉಸಿರಾಟಕ್ಕೆ ಒಗ್ಗದಷ್ಟು ತೆಳು ಎಂದು ಬರೆದ. ಆಗ ವಾಯುಭಾರ ಮಾಪಕವೂ ಇರಲಿಲ್ಲ, ಆಮ್ಲಜನಕವೆಂಬ ಹೆಸರೂ ಇರಲಿಲ್ಲ. ಗಾಳಿ ನಿಜಕ್ಕೂ ತೆಳುವಾಗುತ್ತದೆಂದು ಗೊತ್ತಾಗಿದ್ದು 1648ರಲ್ಲಿ, ವಿಜ್ಞಾನಿ ಪ್ಯಾಸ್ಕಲ್‌ನ ಮಾತಿನಂತೆ ಅವನ ಅಕ್ಕನ ಗಂಡ ಪೆರಿಯೆ ಪಾದರಸದ ಕೊಳವೆ ಹೊತ್ತು ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟ ಹತ್ತಿದಾಗ. ಮೇಲೇರಿದಂತೆ ಪಾದರಸ ಇಳಿಯಿತು.

ಆದರೂ ಜಗಳ ಮುಗಿಯಲಿಲ್ಲ. ಕಾಯಿಲೆಗೆ ಕಾರಣ ಒತ್ತಡ ಕಡಿಮೆಯಾಗುವುದೋ, ಆಮ್ಲಜನಕ ಕಡಿಮೆಯಾಗುವುದೋ? ಇದನ್ನು ತೀರ್ಮಾನಿಸಿದವನು ಪ್ಯಾರಿಸ್ಸಿನ ಪಾಲ್ ಬೇರ್. ಗಾಳಿ ಹೊರಗೆಳೆಯಬಹುದಾದ ಲೋಹದ ಕೋಣೆಯಲ್ಲಿ ಪ್ರಾಣಿಗಳನ್ನೂ, ಆಮೇಲೆ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡ. ಒತ್ತಡ ಇಳಿದಾಗ ಬುದ್ಧಿ ಮಂಕಾಗುತ್ತಿತ್ತು, ನಾಡಿ ಓಡುತ್ತಿತ್ತು. ಆಮ್ಲಜನಕ ಎಳೆದುಕೊಂಡ ಕೂಡಲೇ ಎಲ್ಲ ಸರಿಹೋಗುತ್ತಿತ್ತು, ಒತ್ತಡ ಇಳಿದೇ ಇದ್ದರೂ. ಗಾಳಿಯಲ್ಲಿ ಆಮ್ಲಜನಕದ ಪಾಲು ಸಮುದ್ರದಂಡೆಯಲ್ಲೂ ಎವರೆಸ್ಟ್ ತುದಿಯಲ್ಲೂ ನೂರಕ್ಕೆ 21ರಷ್ಟೇ. ಆದರೆ 5,500 ಮೀಟರಿನಲ್ಲಿ ಗಾಳಿಯೇ ಅರ್ಧ ಒತ್ತಡದ್ದು, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಪಾಲು. ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಬಲ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಜೆನಿತ್‌ನವರು ಒಯ್ಯುತ್ತಿರುವ ಆಮ್ಲಜನಕ ಸಾಲದು ಎಂದು ಬೇರ್ ಪತ್ರ ಬರೆದಿದ್ದ. ಪತ್ರ ತಡವಾಗಿ ತಲುಪಿತು.

ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ವಿಯೋ, 1890ರಲ್ಲಿ ಪೆರುವಿನ ಮೊರೊಕೋಚಾ ಗಣಿಗೆ, ಸುಮಾರು 4,500 ಮೀಟರ್ ಎತ್ತರಕ್ಕೆ ಹೋದ. ಲಿಮಾದಲ್ಲಿ ತನ್ನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ 50 ಲಕ್ಷದಷ್ಟಿದ್ದ ಕೆಂಪು ಕಣಗಳು ಮೂರು ವಾರಗಳಲ್ಲಿ 80 ಲಕ್ಷದ ಹತ್ತಿರಕ್ಕೆ ಏರಿದ್ದನ್ನು ಎಣಿಸಿ ತೋರಿಸಿದ. ಇದರಲ್ಲಿ ಒಂದಿಷ್ಟು ರಕ್ತದ ನೀರಿನಂಶ ಕುಗ್ಗಿದ್ದರಿಂದ ಕಂಡ ಏರಿಕೆ ಎಂಬುದು ಮುಂದೆ ತಿಳಿಯಿತು. ಆದರೂ ಮುಖ್ಯ ಸಂಗತಿ ಸ್ಥಿರವಾಯಿತು: ದೇಹ ಎತ್ತರವನ್ನು ಸುಮ್ಮನೆ ಸಹಿಸಿಕೊಂಡು ಕೂರುವುದಿಲ್ಲ, ತನ್ನನ್ನು ಬದಲಿಸಿಕೊಳ್ಳುತ್ತದೆ.

ಈ ಚರಿತ್ರೆಯಲ್ಲಿ ಒಂದು ಅನ್ಯಾಯದ ಪುಟವೂ ಇದೆ. ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1921–22ರಲ್ಲಿ ಪೆರುವಿನ ಸೆರೋ ದೆ ಪಾಸ್ಕೋಗೆ ತಂಡ ಕಟ್ಟಿಕೊಂಡು ಹೋದ. ಒಳ್ಳೆಯ ಅಳತೆಗಳನ್ನೇ ಮಾಡಿದ. ಆದರೆ ಎತ್ತರದಲ್ಲಿ ಬಾಳುವವರೆಲ್ಲ ಮೈಬಲದಲ್ಲೂ ಬುದ್ಧಿಬಲದಲ್ಲೂ ಕುಂದಿದವರು ಎಂಬ ತೀರ್ಪನ್ನು ಪುಸ್ತಕದಲ್ಲಿ ಬರೆದುಬಿಟ್ಟ. ಕೆಲವು ವಾರ ಅಲ್ಲಿದ್ದು, ತಲೆನೋವಿನಲ್ಲಿ ನರಳಿದ ಹೊರಗಿನವರ ಅನುಭವವನ್ನು ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ಬೆಳೆ ಬೆಳೆದ, ನಗರ ಕಟ್ಟಿದ, ಗಣಿ ತೋಡಿದ ಜನರ ಮೇಲೆ ಹೇರಿದ್ದು ಅದು. ಲಿಮಾದ ವೈದ್ಯ ಕಾರ್ಲೋಸ್ ಮೊಂಗೆ ಇದನ್ನು ಖಂಡಿಸಿ, ಆಂಡಿಸ್‌ನ ಜನರ ಶರೀರವೇ ಬೇರೆ ಬಗೆಯಲ್ಲಿ ಹದಗೊಂಡಿದೆ ಎಂದು ಸಾಧಿಸಲು ಜೀವಮಾನ ಸವೆಸಿದ. ಅದೇ ಮೊಂಗೆ, ಆ ಜನರಲ್ಲೇ ಕೆಲವರ ರಕ್ತ ಕೆಂಪು ಕಣಗಳಿಂದ ವಿಪರೀತ ಮಂದವಾಗಿ, ತುಟಿ ನೀಲಿಗಟ್ಟಿ, ಕೆಳಗಿಳಿದರೆ ವಾಸಿಯಾಗುವ ಕಾಯಿಲೆಯನ್ನೂ 1920ರ ದಶಕದಲ್ಲಿ ವಿವರಿಸಿದ. ಇಂದಿಗೂ ಅದಕ್ಕೆ ಮೊಂಗೆ ಕಾಯಿಲೆ ಎಂದೇ ಹೆಸರು. ತನ್ನವರ ಪರ ವಾದಿಸುತ್ತಲೇ ತನ್ನವರ ಕಷ್ಟವನ್ನೂ ಮುಚ್ಚಿಡದೆ ದಾಖಲಿಸಿದವನು ಆತ.

ಹಾಗಾದರೆ ಕೊರತೆಯನ್ನು ಅಳೆಯುವ ಅಂಗ ಯಾವುದು? ಕತ್ತಿನ ಎರಡೂ ಬದಿಯಲ್ಲಿ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿ ಕವಲೊಡೆಯುವ ಜಾಗದಲ್ಲಿ, ಕೆಲವೇ ಮಿಲಿಮೀಟರಿನ ಒಂದು ಗಂಟು ಇದೆ. ಮ್ಯಾಡ್ರಿಡ್‌ನಲ್ಲಿ ನರವಿಜ್ಞಾನಿ ಕಾಹಾಲ್‌ನ ಶಿಷ್ಯ ಫೆರ್ನಾಂಡೊ ದೆ ಕಾಸ್ತ್ರೊ 1920ರ ದಶಕದ ಕೊನೆಯಲ್ಲಿ ಇದರ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ, ಇದು ರಕ್ತದ ರಾಸಾಯನಿಕ ಬದಲಾವಣೆಯನ್ನು ಗ್ರಹಿಸುವ ಅಂಗವಿರಬೇಕು ಎಂದ. ಬೆಲ್ಜಿಯಂನ ಕೋರ್ನೇಯ್ ಹೈಮನ್ಸ್ ಪ್ರಯೋಗದಿಂದ ಅದನ್ನು ತೋರಿಸಿ 1938ರ ನೊಬೆಲ್ ಪಡೆದ. ಸ್ಪೇನಿನ ಅಂತರ್ಯುದ್ಧದಲ್ಲಿ ದೆ ಕಾಸ್ತ್ರೊನ ಕೆಲಸ ನಿಂತಿತು. ಬಹುಮಾನದಲ್ಲಿ ಆತನಿಗೆ ಪಾಲು ಸಿಗಲಿಲ್ಲ, ಸಿಗಬೇಕಿತ್ತು. ಎತ್ತರಕ್ಕೆ ಹೋದ ಕೆಲವೇ ಕ್ಷಣಗಳಲ್ಲಿ ಉಸಿರು ಹೆಚ್ಚಾಗುವುದು ಈ ಗಂಟಿನಿಂದ.

ಕೆಂಪು ಕಣಗಳ ಏರಿಕೆ ಮಾತ್ರ ನಿಧಾನದ ಕೆಲಸ. ಅದಕ್ಕೊಂದು ಹಾರ್ಮೋನು ಇದೆಯೆಂದು 1906ರಲ್ಲೇ ಪ್ಯಾರಿಸ್ಸಿನ ಕಾರ್ನೋ ಮತ್ತು ದೆಫ್ಲಾಂದ್ರ್ ಊಹಿಸಿದ್ದರು. ಎರಿತ್ರೊಪೊಯೆಟಿನ್ ಎಂಬ ಆ ಹಾರ್ಮೋನು ಮುಖ್ಯವಾಗಿ ಮೂತ್ರಪಿಂಡದಲ್ಲಿ ತಯಾರಾಗುತ್ತದೆಂದು 1957ರಲ್ಲಿ ಖಚಿತವಾಯಿತು. ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಾಕಾಜಿ ಮಿಯಾಕೆ 1977ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ರಕ್ತಹೀನತೆಯ ರೋಗಿಗಳ 2,550 ಲೀಟರ್ ಮೂತ್ರ ಬೇಕಾಯಿತು. ಇವತ್ತು ಡಯಾಲಿಸಿಸ್ ರೋಗಿಗಳಿಗೆ ಕೊಡುವ ಇಂಜೆಕ್ಷನ್ ಆ ತಾಳ್ಮೆಯ ಫಲ.

ಆಮ್ಲಜನಕದ ಕೊರತೆ ಆ ಹಾರ್ಮೋನನ್ನು ಹೇಗೆ ಹೊರಡಿಸುತ್ತದೆ ಎಂಬ ಕಟ್ಟಕಡೆಯ ಗಂಟು ಬಿಚ್ಚಿದವರು ಮೂವರು. ಜಾನ್ಸ್ ಹಾಪ್‌ಕಿನ್ಸ್‌ನ ಗ್ರೆಗ್ ಸೆಮೆನ್ಜಾ 1990ರ ದಶಕದ ಮೊದಲಲ್ಲಿ, ಆಮ್ಲಜನಕ ಇಳಿದಾಗ ಈ ಹಾರ್ಮೋನಿನ ಜೀನನ್ನು ಎಚ್ಚರಿಸುವ ಹಿಫ್ ಎಂಬ ಪ್ರೋಟೀನನ್ನು ಕಂಡುಹಿಡಿದ. ಆಕ್ಸ್‌ಫರ್ಡಿನ ಮೂತ್ರಪಿಂಡ ವೈದ್ಯ ಪೀಟರ್ ರಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಇಬ್ಬರೂ, ಆಮ್ಲಜನಕದ ಅರಿವು ಮೂತ್ರಪಿಂಡಕ್ಕೆ ಮಾತ್ರವಲ್ಲ, ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಿಗೂ ಇದೆ ಎಂದು ತೋರಿಸಿದರು. ಬಾಸ್ಟನ್ನಿನ ಕ್ಯಾನ್ಸರ್ ವೈದ್ಯ ವಿಲಿಯಂ ಕೇಲಿನ್ ಹಿಡಿದ ಹಾದಿ ಬೇರೆ. ಆತ ಫಾನ್ ಹಿಪೆಲ್-ಲಿಂಡಾವ್ ಎಂಬ ಅಪರೂಪದ ವಂಶಪಾರಂಪರ್ಯ ರೋಗವನ್ನು ಅಧ್ಯಯನ ಮಾಡುತ್ತಿದ್ದ. ಆ ರೋಗಿಗಳ ಗಡ್ಡೆಗಳಲ್ಲಿ ರಕ್ತನಾಳಗಳು ಕಿಕ್ಕಿರಿದಿರುತ್ತವೆ. ಆಮ್ಲಜನಕ ಸಾಕಷ್ಟಿದ್ದರೂ ಕೋಶಗಳು ಇಲ್ಲವೆಂಬಂತೆ ವರ್ತಿಸುತ್ತವೆ.

ಮೂರು ಎಳೆಗಳು 2001ರ ಹೊತ್ತಿಗೆ ಕೂಡಿಕೊಂಡವು. ಅನಿರೀಕ್ಷಿತ ಅತಿಥಿ ಬಂದರೆ ಇರಲೆಂದು ದಿನವೂ ಎರಡೆಲೆಗಾಗುವಷ್ಟು ಹೆಚ್ಚಿಗೆ ಬೇಯಿಸುವ ಮನೆಯಂತೆ, ಜೀವಕೋಶ ಸದಾ ಹಿಫ್ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕವಿದ್ದಾಗ ಒಂದು ಕಿಣ್ವ ಅದೇ ಆಮ್ಲಜನಕವನ್ನು ಬಳಸಿ ಹಿಫ್‌ಗೆ ಗುರುತು ಹಾಕುತ್ತದೆ. ಕೇಲಿನ್ ಕಂಡ ಆ ಗಡ್ಡೆಗಳಲ್ಲಿ ಕೆಟ್ಟಿರುವ ಪ್ರೋಟೀನು ಆ ಗುರುತನ್ನು ಹಿಡಿದು, ಕೆಲವೇ ನಿಮಿಷಗಳಲ್ಲಿ ಹಿಫ್ ಅನ್ನು ನಾಶಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ಸಾಲದಾದಾಗ ಗುರುತು ಬೀಳುವುದಿಲ್ಲ. ಉಳಿದ ಹಿಫ್ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ: ಕೆಂಪು ಕಣ ಹೆಚ್ಚಿಸಲು, ಹೊಸ ರಕ್ತನಾಳ ಬೆಳೆಸಲು, ಆಮ್ಲಜನಕವಿಲ್ಲದೆ ಸಕ್ಕರೆ ಉರಿಸಲು. ತಯಾರಿಸಿ ನಾಶ ಮಾಡುವುದು ದುಂದು ಎನಿಸಬಹುದು. ಕೊರತೆ ಎದುರಾದ ಕ್ಷಣದಲ್ಲಿ ಹೊಸದಾಗಿ ಶುರುಮಾಡಬೇಕಾಗಿಲ್ಲ ಎಂಬುದೇ ಅದರ ಲಾಭ. ಮೂವರಿಗೂ 2019ರಲ್ಲಿ ನೊಬೆಲ್ ಬಂದಿತು. ಗುರುತು ಹಾಕುವ ಕಿಣ್ವವನ್ನು ತಡೆದು ದೇಹದಿಂದಲೇ ಹಾರ್ಮೋನು ಹೊರಡಿಸುವ ಮಾತ್ರೆಗಳೂ ಬಂದವು. ಭಾರತದಲ್ಲಿ ತಯಾರಾದ ಡೆಸಿಡುಸ್ಟ್ಯಾಟ್ ಎಂಬ ಅಂಥ ಔಷಧಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಟಿಬೆಟ್ಟಿನವರ ದೇಹ ಹಿಡಿದ ದಾರಿ ಕೆಂಪು ಕಣ ಹೆಚ್ಚಿಸುವುದಕ್ಕಿಂತ ಜಾಣತನದ್ದು. ಅವರ ಹಿಮೋಗ್ಲೋಬಿನ್ 4,000 ಮೀಟರಿನಲ್ಲೂ ಬಯಲಿನವರದಕ್ಕಿಂತ ಅಷ್ಟೇನೂ ಹೆಚ್ಚಿಲ್ಲ. ರಕ್ತ ಮಂದವಾಗುವ ಅಪಾಯ ತಪ್ಪಿತು. ಹಿಫ್ ಕುಟುಂಬದ ಇಪಾಸ್-1 ಎಂಬ ಜೀನಿನ ವಿಶೇಷ ರೂಪ ಇದಕ್ಕೆ ಕಾರಣವೆಂದು 2010ರಲ್ಲಿ ಗೊತ್ತಾಯಿತು. ಆ ರೂಪ ಅಳಿದುಹೋದ ಡೆನಿಸೋವನ್ ಎಂಬ ಮಾನವ ಬಳಗದಿಂದ ಬಳುವಳಿಯಾಗಿ ಬಂದದ್ದೆಂದು 2014ರಲ್ಲಿ ತಿಳಿಯಿತು. 2019ರಲ್ಲಂತೂ ಟಿಬೆಟ್ ಪ್ರಸ್ಥಭೂಮಿಯ 3,280 ಮೀಟರ್ ಎತ್ತರದ ಗುಹೆಯಿಂದ ಬಂದ, 1,60,000 ವರ್ಷ ಹಳೆಯ ಡೆನಿಸೋವನ್ ದವಡೆ ಜಗತ್ತಿನ ಮುಂದೆ ಬಂದಿತು.

ನಮಗೆ ಅಂಥ ಬಳುವಳಿ ಇಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. 1962ರ ಚೀನಾ ಯುದ್ಧದಲ್ಲಿ ಬಯಲಿನ ಸೈನಿಕರನ್ನು ವಿಮಾನಗಳಲ್ಲಿ ನೇರ ಮಂಜಿನ ಗಡಿಗೆ ಇಳಿಸಿದಾಗ ತಲೆನೋವು, ವಾಂತಿ, ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ ಗುಂಪುಗುಂಪಾಗಿ ಕಾಣಿಸಿಕೊಂಡವು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಜಗತ್ತಿನ ವೈದ್ಯರು ಓದುವ ದಾಖಲೆ. ಈಗ ನಮ್ಮ ಸೈನಿಕರು ಮೂರು ಹಂತಗಳಲ್ಲಿ, ಆರು, ನಾಲ್ಕು, ನಾಲ್ಕು ದಿನ ತಂಗಿ ಮೇಲೇರುತ್ತಾರೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಸೈನಿಕ ಹನುಮಂತಪ್ಪ ಕೊಪ್ಪದ 2016ರಲ್ಲಿ ಹಿಮದಡಿ ಆರು ದಿನ ಹೂತಿದ್ದ ಸಿಯಾಚಿನ್ ಠಾಣೆಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ.

ಸೈನಿಕರಿಗಿರುವ ಈ ಶಿಸ್ತು ಪ್ರವಾಸಿಗರಿಗಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಹೊರಟವರು ಅದೇ ದಿನ 3,500 ಮೀಟರಿನ ಲೇಹ್‌ನಲ್ಲಿರುತ್ತಾರೆ. ಮಾನಸ ಸರೋವರದ ಯಾತ್ರಿಕರು ಕೈಲಾಸ ಪರಿಕ್ರಮದಲ್ಲಿ 5,600 ಮೀಟರ್ ಮೀರಿದ ಡೋಲ್ಮಾ ಕಣಿವೆದಾರಿಯನ್ನು ದಾಟುತ್ತಾರೆ. ಲೇಹ್‌ಗೆ ಹಾರಿದವರು ಮೊದಲ ಎರಡು ದಿನ ಊರು ಸುತ್ತದೆ ವಿಶ್ರಾಂತಿ ತೆಗೆದುಕೊಳ್ಳಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಹೊರಡುವ ಮುಂಚೆಯೇ ವೈದ್ಯರನ್ನು ಕಾಣಿರಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತೊದಲು ಮಾತು ಕಂಡರೆ, ರೋಗಿ ತನಗೇನೂ ಆಗಿಲ್ಲವೆಂದು ಎಷ್ಟೇ ಹೇಳಿದರೂ ಕೇಳದೆ, ಬೆಳಗಾಗಲೆಂದು ಕಾಯದೆ, ಜೊತೆಗೊಬ್ಬರನ್ನು ಕೊಟ್ಟು ಕೂಡಲೇ ಕೆಳಗಿಳಿಸಿ.